ಒಂದೇ ಅಳತೆಯ ಕಲ್ಲು

ಯುದ್ಧದಲ್ಲಿ ಮಡಿದ ಕ್ರೀಡಾಪಟುಗಳನ್ನು ಕುರಿತ ಬರಹಗಳನ್ನು ನೀವು ಓದಿರಬಹುದು. ಪತ್ರಿಕೆಗಳ ವಿಶೇಷ ಸಂಚಿಕೆಗಳಲ್ಲಿ, ಕ್ರೀಡಾ ಸಂಸ್ಥೆಗಳ ಸ್ಮರಣ ಗ್ರಂಥಗಳಲ್ಲಿ ಅವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ಒಂದು ಸಿದ್ಧ ಅಚ್ಚು ಇದೆ. ಆಟಗಾರನು ಬಾಲ್ಯದಿಂದಲೇ ಧೀರನು, ಮೈದಾನದಲ್ಲಿ ಸಿಂಹನು, ದೇಶ ಕರೆದಾಗ ನಗುನಗುತ್ತಲೇ ಹೊರಟವನು, ಕೊನೆಯ ಉಸಿರಿನವರೆಗೂ ತನ್ನವರನ್ನು ಮುನ್ನಡೆಸಿದವನು. ಓದುವಾಗ ನಮ್ಮ ಕಣ್ಣು ತೇವಗೊಳ್ಳುತ್ತದೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಬರಹದಲ್ಲಿ ಹೆಸರೊಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಏನಾದರೂ ವ್ಯತ್ಯಾಸವಾದೀತೇ? ಆಗದಿದ್ದರೆ ನಾವು ಓದಿದ್ದು ಯಾರನ್ನು ಕುರಿತು?

ಸತ್ತವರನ್ನು ಹೊಗಳುವುದು ಸುಲಭ. ಅವರನ್ನು ತಿಳಿದುಕೊಳ್ಳುವುದು ಕಷ್ಟ. ಈ ಎರಡರ ನಡುವಿನ ಅಂತರವನ್ನು ಪರಿಶೀಲಿಸಲು ವೇಲ್ಸ್ ದೇಶದ ಇಬ್ಬರು ರಗ್ಬಿ ಆಟಗಾರರನ್ನು ನಿಮ್ಮ ಮುಂದೆ ನಿಲ್ಲಿಸಲು ಬಯಸುತ್ತೇನೆ. ಒಬ್ಬರು ಜಾನಿ ವಿಲಿಯಮ್ಸ್, ಮತ್ತೊಬ್ಬರು ಡಿಕ್ ಥಾಮಸ್.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಬೆಟ್ಟ ಕಣಿವೆಗಳ ಪುಟ್ಟ ನಾಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ದಕ್ಷಿಣ ಭಾಗವು ಕಲ್ಲಿದ್ದಲಿನಿಂದ ಬದುಕುತ್ತಿತ್ತು. ಅಲ್ಲಿನ ಜನರಿಗೆ ಗಣಿಯ ದುಡಿಮೆ, ಪ್ರಾರ್ಥನಾಲಯದ ಗಾಯನ ಮತ್ತು ರಗ್ಬಿ, ಈ ಮೂರೂ ಒಂದೇ ಬದುಕಿನ ಮೂರು ಎಳೆಗಳಾಗಿದ್ದವು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿ, ಗೆರೆಯಾಚೆ ನೆಲಕ್ಕೆ ಮುಟ್ಟಿಸುವ ಹದಿನೈದು ಜನರ ಆಟವಿದು. ಇಂಗ್ಲೆಂಡಿನಲ್ಲಿ ರಗ್ಬಿ ಬಹುಮಟ್ಟಿಗೆ ಉಳ್ಳವರ ಶಾಲೆಗಳ ಆಟವಾಗಿದ್ದರೆ ವೇಲ್ಸಿನಲ್ಲಿ ಗಣಿ ಕಾರ್ಮಿಕನೂ ಪೋಲೀಸನೂ ವ್ಯಾಪಾರಿಯೂ ಒಂದೇ ಬಣ್ಣದ ಅಂಗಿ ತೊಟ್ಟು ಅಕ್ಕಪಕ್ಕ ನಿಲ್ಲುತ್ತಿದ್ದರು. 1905ರ ಡಿಸೆಂಬರಿನಲ್ಲಿ ಕಾರ್ಡಿಫ್ ನಗರದಲ್ಲಿ ನ್ಯೂಜಿಲೆಂಡ್ ತಂಡವನ್ನು 3–0ರಿಂದ ಸೋಲಿಸಿದ್ದು ಈ ನಾಡಿನ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ.

ನಮ್ಮ ಕಥೆ ಆರಂಭವಾಗುವುದು ಆ ಗೆಲುವಿನಲ್ಲಲ್ಲ, ಮರುವರ್ಷದ ಒಂದು ಸೋಲಿನಲ್ಲಿ. 1906ರ ಡಿಸೆಂಬರ್ 1ರಂದು ಸ್ವಾನ್ಸಿ ಪಟ್ಟಣದಲ್ಲಿ ದಕ್ಷಿಣ ಆಫ್ರಿಕಾದ ತಂಡವು ವೇಲ್ಸನ್ನು 11–0ರಿಂದ ಮಣಿಸಿತು. ಆ ದಿನ ವೇಲ್ಸಿನ ಕೆಂಪಂಗಿಯನ್ನು ಮೊದಲ ಬಾರಿಗೆ ತೊಟ್ಟವರಲ್ಲಿ ವಿಲಿಯಮ್ಸ್ ಮತ್ತು ಥಾಮಸ್ ಇಬ್ಬರೂ ಇದ್ದರು. ವಿಲಿಯಮ್ಸ್ ಅಂಚಿನಲ್ಲಿ ಮಿಂಚಿನಂತೆ ಓಡುವ ಆಟಗಾರ. ಕಾರ್ಡಿಫಿನಲ್ಲಿ ಕಲ್ಲಿದ್ದಲು ರಫ್ತಿನ ವ್ಯಾಪಾರದಲ್ಲಿದ್ದವರು. ಥಾಮಸ್ ಮುಂಚೂಣಿಯಲ್ಲಿ ಭುಜ ಕೊಟ್ಟು ತಳ್ಳುವ ಆಟಗಾರ. ಗ್ಲಾಮೋರ್ಗನ್ ಪೋಲೀಸ್ ಪಡೆಯಲ್ಲಿದ್ದವರು.

ಮುಂದೆ ಇಬ್ಬರ ಹಾದಿಗಳು ಬೇರೆಯಾದವು. ವಿಲಿಯಮ್ಸ್ 1911ರವರೆಗೆ ವೇಲ್ಸಿನ ಪರವಾಗಿ 17 ಪಂದ್ಯಗಳನ್ನಾಡಿ 17 ಬಾರಿ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರು. 1908ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಆಟಗಾರರ ತಂಡದೊಡನೆ ನ್ಯೂಜಿಲೆಂಡ್, ಆಸ್ಟ್ರೇಲಿಯಗಳಿಗೆ ಹೋಗಿಬಂದರು. 1911ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಒಂದು ಪಂದ್ಯಕ್ಕೆ ನಾಯಕರೂ ಆದರು. ಥಾಮಸ್ ಅವರಿಗೆ ದೊರೆತದ್ದು ಒಟ್ಟು ನಾಲ್ಕೇ ಪಂದ್ಯಗಳು, ಕೊನೆಯದು 1909ರಲ್ಲಿ.

ಮಹಾಯುದ್ಧವು ಅವರನ್ನು ಮತ್ತೆ ಒಂದೆಡೆ ಸೇರಿಸಿತು. ಕಾರ್ಡಿಫ್ ನಗರದ ಹೆಸರಿನಲ್ಲಿ ಕಟ್ಟಿದ ವೆಲ್ಷ್ ರೆಜಿಮೆಂಟಿನ 16ನೆಯ ಬೆಟಾಲಿಯನ್ನಿನಲ್ಲಿ ವಿಲಿಯಮ್ಸ್ ಕ್ಯಾಪ್ಟನ್ ಆದರು. ಥಾಮಸ್ ಕಂಪನಿ ಸಾರ್ಜೆಂಟ್ ಮೇಜರ್ ಆದರು. 1915ರ ಡಿಸೆಂಬರಿನಲ್ಲಿ ಈ ಪಡೆ ಫ್ರಾನ್ಸ್ ತಲುಪಿತು. 1916ರ ಜುಲೈ 1ರಂದು ಸೋಮ್ ನದಿಯ ಬಳಿ ಘೋರ ಕದನ ಆರಂಭವಾಯಿತು. ಜುಲೈ 7ರ ಬೆಳಿಗ್ಗೆ ಎಂಟೂವರೆಗೆ ಕಾರ್ಡಿಫ್ ಪಡೆಗೆ ಮಾಮೆಟ್ಜ್ ಎಂಬ ಕಾಡಿನತ್ತ ನುಗ್ಗುವ ಆಜ್ಞೆಯಾಯಿತು. ಮರೆಯಾಗಬೇಕಿದ್ದ ಹೊಗೆಯ ಪರದೆ ಏಳಲೇ ಇಲ್ಲ. ಬಯಲು ಇಳಿಜಾರಿನಲ್ಲಿ ನಡೆದವರ ಮೇಲೆ ಎದುರಿನಿಂದಲೂ ಪಕ್ಕದಿಂದಲೂ ಮೆಷಿನ್‌ಗನ್ನುಗಳು ಗುಂಡಿನ ಮಳೆಗರೆದವು. ಅಂದು ಡಿಕ್ ಥಾಮಸ್ ಮಡಿದರು. ಅಂದೇ ಗಾಯಗೊಂಡ ಜಾನಿ ವಿಲಿಯಮ್ಸ್ ಅವರ ಕಾಲನ್ನು ಕತ್ತರಿಸಬೇಕಾಯಿತು. ಜುಲೈ 12ರಂದು ಅವರೂ ತೀರಿಕೊಂಡರು. ವೇಲ್ಸಿನ ಡಿವಿಜನ್ ಆ ಕಾಡನ್ನು ವಶಪಡಿಸಿಕೊಂಡದ್ದು ಅದೇ ವಾರದ ಕೊನೆಯಲ್ಲಿ. ಅಷ್ಟರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಅದು ಕಳೆದುಕೊಂಡವರ ಸಂಖ್ಯೆ ಸುಮಾರು 4,000.

ಒಂದೇ ದಿನ ಒಂದೇ ಅಂಗಿ ತೊಟ್ಟು ಆಟ ಆರಂಭಿಸಿದ ಇಬ್ಬರು, ಒಂದೇ ಪಡೆಯಲ್ಲಿದ್ದು ಒಂದೇ ದಿನ ಒಂದೇ ಇಳಿಜಾರಿನಲ್ಲಿ ಬಿದ್ದರು. ಆದರೆ ಅವರನ್ನು ಕುರಿತು ಬರೆಯಹೊರಟವನಿಗೆ ಇಬ್ಬರೂ ಸಮಾನವಾಗಿ ಸಿಗುತ್ತಾರೆಯೇ? ವಿಮರ್ಶೆ ತೊಡಗಬೇಕಾದದ್ದು ಇಲ್ಲಿ.

ಇಂಥ ಜೀವನಗಳನ್ನು ಶೋಧಿಸುವವನ ಕೈಗೆ ಸಿಗುವ ಸಾಮಗ್ರಿ ಯಾವುದು ಎಂಬುದನ್ನು ನೀವು ತಿಳಿಯಬೇಕು. ಮೊದಲನೆಯದು ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿ. 1911ರ ಗಣತಿಯವರೆಗೆ ಮನೆ, ವೃತ್ತಿ, ಮಕ್ಕಳ ವಿವರ ಅಲ್ಲಿ ದೊರೆಯುತ್ತದೆ. ಎರಡನೆಯದು ಅಂದಿನ ಪತ್ರಿಕೆಗಳು. ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯವು 1919ರವರೆಗಿನ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಯಾರಾದರೂ ಉಚಿತವಾಗಿ ಓದುವಂತೆ ತೆರೆದಿಟ್ಟಿದೆ. ಮೂರನೆಯದು ಪ್ರತಿ ಬೆಟಾಲಿಯನ್ನೂ ಬರೆದಿಡಬೇಕಾಗಿದ್ದ ಯುದ್ಧ ದಿನಚರಿ. ನಾಲ್ಕನೆಯದು ಪದಕ ಪಡೆದವರ ಚೀಟಿಗಳು. ಐದನೆಯದು, ಮಡಿದ ಸೈನಿಕನಿಗೆ ಬರಬೇಕಾಗಿದ್ದ ಹಣ ಎಷ್ಟು, ಅದನ್ನು ಪಡೆದವರು ಹೆಂಡತಿಯೋ ತಾಯಿಯೋ ಎಂಬುದನ್ನು ದಾಖಲಿಸಿದ ಲೆಕ್ಕದ ಪುಸ್ತಕಗಳು. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಕರುಣಾಜನಕವಾದದ್ದು ಈ ಕೊನೆಯದು. ಅಲ್ಲಿ ಒಂದು ವಿಶೇಷಣವೂ ಇಲ್ಲ. ಕೆಲವು ಪೌಂಡು, ಕೆಲವು ಶಿಲಿಂಗು, ಒಬ್ಬ ವಿಧವೆಯ ಹೆಸರು. ಆದರೂ ಹತ್ತು ಪುಟಗಳ ಪ್ರಶಂಸೆ ಹೇಳಲಾರದ್ದನ್ನು ಆ ಒಂದು ಸಾಲು ಹೇಳುತ್ತದೆ.

ಹೆಸರಿನ ತೊಡಕೂ ಇಲ್ಲಿ ಸಣ್ಣದಲ್ಲ. ಹಿಂದೆ ವೇಲ್ಸಿನ ಜನ ತಂದೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು. ಅವು ಮನೆತನದ ಹೆಸರುಗಳಾಗಿ ನಿಂತಾಗ ಇಡೀ ನಾಡು ಜೋನ್ಸ್, ವಿಲಿಯಮ್ಸ್, ಡೇವೀಸ್, ಥಾಮಸ್‌ಗಳಿಂದ ತುಂಬಿಹೋಯಿತು. ಒಂದೇ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿ ಹತ್ತು ಮಂದಿ ಅಂತೋಣಪ್ಪಂದಿರಿದ್ದರೆ ಗುರುಗಳು ಪಡುವ ಪಾಡನ್ನು ಬಲ್ಲ ನಿಮಗೆ ಇದು ಅರ್ಥವಾದೀತು. ಡಿಕ್ ಥಾಮಸ್ ಅವರ ಪೂರ್ಣ ಹೆಸರು ಎಡ್ವರ್ಡ್ ಜಾನ್ ರಿಚರ್ಡ್ ಥಾಮಸ್. ಮೈದಾನದಲ್ಲಿ ಜನ ಕೂಗಿದ ಹೆಸರು ಒಂದು, ಸೈನ್ಯ ಬರೆದುಕೊಂಡ ಹೆಸರು ಇನ್ನೊಂದು. ಸೈನ್ಯದ ಸಂಖ್ಯೆ, ಮನೆಯ ವಿಳಾಸ, ಹತ್ತಿರದ ಬಂಧುವಿನ ಹೆಸರು, ಇವು ಒಂದಕ್ಕೊಂದು ತಾಳೆಯಾಗುವವರೆಗೆ ಆ ಇಬ್ಬರೂ ಒಬ್ಬರೇ ಎನ್ನುವ ಹಕ್ಕು ಬರೆಯುವವನಿಗಿಲ್ಲ. ಎಷ್ಟೋ ಸ್ಮರಣ ಬರಹಗಳು ಈ ತಾಳೆ ನೋಡುವ ಶ್ರಮವನ್ನು ಬಿಟ್ಟು, ಒಬ್ಬನ ಆಟಕ್ಕೆ ಇನ್ನೊಬ್ಬನ ಸಾವನ್ನು ಅಂಟಿಸಿಬಿಡುತ್ತವೆ. ಇದು ಸಣ್ಣ ತಪ್ಪೆಂದು ನನಗೆ ಅನಿಸುವುದಿಲ್ಲ. ಏಕೆಂದರೆ ಅಲ್ಲಿ ಹೆಸರಿಲ್ಲದೆ ಹೋದವನಿಗೂ ಒಬ್ಬ ತಾಯಿ ಇದ್ದಳು.

ಇದಕ್ಕಿಂತ ದೊಡ್ಡದಾದ ಇನ್ನೊಂದು ಅಸಮಾನತೆ ಇದೆ. 1940ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧದ ವೇಳೆ, ಜರ್ಮನ್ ವಿಮಾನಗಳ ಬಾಂಬು ದಾಳಿಗೆ ಲಂಡನ್ನಿನಲ್ಲಿದ್ದ ಯುದ್ಧ ಕಚೇರಿಯ ದಾಖಲೆಗಳ ಉಗ್ರಾಣವೊಂದು ಹೊತ್ತಿ ಉರಿಯಿತು. ಮೊದಲ ಯುದ್ಧದ ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಬೂದಿಯಾದವು. ಉಳಿದವುಗಳಲ್ಲೂ ಅನೇಕವು ಅಂಚು ಸುಟ್ಟು, ನೀರಿನಲ್ಲಿ ನೆನೆದು, ಸುಟ್ಟ ದಾಖಲೆಗಳೆಂದೇ ಹೆಸರಾಗಿವೆ. ಅಧಿಕಾರಿಗಳ ಮುಖ್ಯ ಕಡತಗಳೂ ಅಂದು ಸುಟ್ಟವು. ಆದರೆ ಅವರಿಗೆ ಸಂಬಂಧಿಸಿದ ಪತ್ರವ್ಯವಹಾರದ ಕಡತಗಳು ಬೇರೆಡೆಯಿದ್ದುದರಿಂದ ಬಹಳಷ್ಟು ಉಳಿದವು. ಕ್ಯಾಪ್ಟನ್ನನನ್ನು ಕುರಿತು ಮೇಲಧಿಕಾರಿಗಳು ಪತ್ರ ಬರೆಯುತ್ತಾರೆ; ವ್ಯಾಪಾರಸ್ಥ ಗೆಳೆಯರು ಪತ್ರಿಕೆಯಲ್ಲಿ ಸಂತಾಪ ಸೂಚಿಸುತ್ತಾರೆ; ಭಾವಚಿತ್ರ ಅಚ್ಚಾಗುತ್ತದೆ. ಸಾರ್ಜೆಂಟನಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಹೀಗೆ ಬದುಕಿದ್ದಾಗ ಇದ್ದ ದರ್ಜೆಯ ಅಂತರ ಸತ್ತ ಮೇಲೂ, ಕಾಗದದ ರೂಪದಲ್ಲಿ, ಮುಂದುವರಿಯುತ್ತದೆ.

ಬರಹಗಾರನ ಪರೀಕ್ಷೆ ನಡೆಯುವುದು ಈ ತಾಣದಲ್ಲಿ. ಒಬ್ಬರನ್ನು ಕುರಿತು ಕೈತುಂಬ ಕಾಗದವಿದೆ, ಇನ್ನೊಬ್ಬರನ್ನು ಕುರಿತು ಬೆರಳೆಣಿಕೆಯ ಸಾಲುಗಳಿವೆ. ಆತನಿಗೆ ಎರಡು ಸುಲಭ ದಾರಿಗಳು ಕಾಣುತ್ತವೆ. ಮೊದಲನೆಯದು ಕಾಗದವಿದ್ದವರನ್ನು ಮಾತ್ರ ಬರೆದು, ಇಲ್ಲದವರನ್ನು ಅಡಿಟಿಪ್ಪಣಿಗೆ ತಳ್ಳುವುದು. ಎರಡನೆಯದು ಖಾಲಿ ಜಾಗವನ್ನು ವಿಶೇಷಣಗಳಿಂದ ತುಂಬುವುದು. "ನಿಷ್ಠಾವಂತ", "ನಿರ್ಭೀತ", "ತನ್ನ ಹುಡುಗರ ಪಾಲಿಗೆ ತಂದೆ" ಮುಂತಾದ ಮಾತುಗಳು ಬರುವುದು ಸಾಮಾನ್ಯವಾಗಿ ದಾಖಲೆ ಮುಗಿದ ಜಾಗದಲ್ಲಿ. ಅವು ಸುಳ್ಳೆಂದು ನಾನು ಹೇಳಲಾರೆ. ಆದರೆ ಅವು ತಿಳಿದು ಹೇಳಿದ ಮಾತುಗಳಲ್ಲ; ಮೌನಕ್ಕೆ ಅಂಜಿ ಆಡಿದ ಮಾತುಗಳು. ಮೂರನೆಯ ದಾರಿಯೊಂದಿದೆ, ಕಷ್ಟದ್ದು. ಖಾಲಿ ಜಾಗವನ್ನು ಖಾಲಿಯಾಗಿಯೇ ಓದುಗನಿಗೆ ತೋರಿಸಿ, ಅದು ಏಕೆ ಖಾಲಿಯಾಯಿತು ಎಂಬುದನ್ನು ಹೇಳುವುದು.

ಯುದ್ಧ ಮುಗಿದ ಮರುವರ್ಷವೇ, 1919ರಲ್ಲಿ, ಮಡಿದ ಅಂತಾರಾಷ್ಟ್ರೀಯ ರಗ್ಬಿ ಆಟಗಾರರ ಗೌರವ ಪಟ್ಟಿಯೊಂದನ್ನು ಇ. ಎಚ್. ಡಿ. ಸ್ಯೂವೆಲ್ ಎಂಬವರು ಪುಸ್ತಕವಾಗಿ ಹೊರತಂದರು. ಗಾಯ ಇನ್ನೂ ಹಸಿಯಾಗಿದ್ದ ಕಾಲದ ಕೃತಿಯದು. ಅದರಿಂದ ನಾವು ಶ್ರದ್ಧಾಂಜಲಿಯನ್ನು ನಿರೀಕ್ಷಿಸಬಹುದೇ ಹೊರತು ಶೋಧನೆಯನ್ನಲ್ಲ. ಸುಮಾರು ಒಂದು ಶತಮಾನದ ಬಳಿಕ, 2014ರಲ್ಲಿ, ವೇಲ್ಸಿನ ಚರಿತ್ರೆಕಾರ ಗ್ವಿನ್ ಪ್ರೆಸ್ಕಾಟ್ ಆ ಯುದ್ಧದಲ್ಲಿ ಮಡಿದ ತಮ್ಮ ನಾಡಿನ 13 ಅಂತಾರಾಷ್ಟ್ರೀಯ ಆಟಗಾರರನ್ನು ಕುರಿತೇ ಒಂದು ಪುಸ್ತಕ ಬರೆದರು. ಪಟ್ಟಿಯಿಂದ ಜೀವನಕ್ಕೆ ಬರಲು ಇಷ್ಟು ಕಾಲ ಹಿಡಿಯಿತು. ಪ್ರೀತಿಯ ಮೊದಲ ಮಾತು ಅಳು. ಎರಡನೆಯ ಮಾತು ವಿಚಾರಣೆ. ಮೊದಲನೆಯದರಲ್ಲೇ ನಿಂತುಬಿಡುವ ಬರಹಗಳ ಬಗ್ಗೆ ನನ್ನ ಆಕ್ಷೇಪ.

ಇನ್ನೊಂದು ಆಕ್ಷೇಪವೂ ಇದೆ. ಇಂಥ ಬರಹಗಳಲ್ಲಿ ಯುದ್ಧವನ್ನು ಆಟಕ್ಕೆ ಹೋಲಿಸುವ ಚಟ ಹಳೆಯದು. ಯುದ್ಧವು ಇನ್ನೂ ದೊಡ್ಡ ಪಂದ್ಯ, ಸಾವು ಕೊನೆಯ ಸೀಟಿ, ಕಂದಕವು ಹೊಸ ಮೈದಾನ. ಇದು ಕವಿಗಳ ಕಲ್ಪನೆಯಷ್ಟೇ ಆಗಿರಲಿಲ್ಲ. ರಗ್ಬಿ ಆಟಗಾರರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಸೈನ್ಯ ಸೇರಿದ್ದಾರೆಂದು ಸಾರಿ ಉಳಿದವರನ್ನು ಕರೆಯುವ ಭಿತ್ತಿಪತ್ರವು ಯುದ್ಧಕಾಲದಲ್ಲೇ ಬ್ರಿಟನ್ನಿನ ಗೋಡೆಗಳ ಮೇಲಿತ್ತು. ಹೋಲಿಕೆಯು ಸೈನ್ಯ ಭರ್ತಿಯ ಸಾಧನವಾಗಿತ್ತು. ಅದನ್ನೇ ಇಂದಿನ ಬರಹಗಾರನು ಅಲಂಕಾರವೆಂದು ಬಳಸುವಾಗ, ತಾನು ಯಾರ ಮಾತನ್ನು ಆಡುತ್ತಿದ್ದೇನೆಂದು ಯೋಚಿಸಬೇಡವೇ?

ಹೋಲಿಕೆಯನ್ನು ಸ್ವಲ್ಪ ಉಜ್ಜಿ ನೋಡಿ. ಸ್ವಾನ್ಸಿಯಲ್ಲಿ ಬಿದ್ದವನು ಎದ್ದ. ಅಲ್ಲಿ ನಿಯಮ ಮೀರಿದಾಗ ಸೀಟಿ ಊದಿ ಆಟವನ್ನು ನಿಲ್ಲಿಸಲಾಗುತ್ತಿತ್ತು. ಫ್ರಾನ್ಸಿನ ಕಂದಕಗಳಲ್ಲಿ ಸೀಟಿ ಊದಿದ್ದು ಜನರನ್ನು ಗುಂಡಿಗೆ ಎದುರಾಗಿ ಹೊರಗೆ ಕಳುಹಿಸಲು. ಎದುರಾಳಿಯ ಮುಖ ಕಾಣುತ್ತದೆ, ಕೊನೆಗೆ ಕೈಕುಲುಕಬಹುದು. ನೂರಾರು ಗಜಗಳಾಚೆಯ ಮರಗಳ ನಡುವಿನ ಮೆಷಿನ್‌ಗನ್ನಿಗೆ ಮುಖವಿಲ್ಲ. ವಿಲಿಯಮ್ಸ್ ಅವರ ಕಾಲಿನ ವೇಗವನ್ನು ಹೊಗಳಿದ ಲೇಖನಿಯೇ, ಆ ಕಾಲನ್ನೇ ವೈದ್ಯರು ಕತ್ತರಿಸಿದರೆಂಬುದನ್ನು ಪಂದ್ಯದ ಭಾಷೆಯಲ್ಲಿ ಹೇಗೆ ಬರೆದೀತು? ಹೋಲಿಕೆ ಅಲ್ಲಿ ನಾಲಿಗೆ ಕಳೆದುಕೊಳ್ಳುತ್ತದೆ.

ಮೂರನೆಯ ಮಾತು ಸಾಂತ್ವನ ಪತ್ರಗಳನ್ನು ಕುರಿತದ್ದು. ಮಡಿದವನ ಮನೆಗೆ ಅವನ ಅಧಿಕಾರಿಯೋ ಸೇನಾ ಗುರುವೋ ಪತ್ರ ಬರೆಯುವ ರೂಢಿಯಿತ್ತು. ತಕ್ಷಣವೇ ಪ್ರಾಣ ಹೋಯಿತು, ನೋವು ತಿಳಿಯಲಿಲ್ಲ ಎಂಬ ಮಾತು ಆ ಪತ್ರಗಳಲ್ಲಿ ಎಷ್ಟು ಸಲ ಬರುತ್ತದೆಯೆಂದರೆ, ಅದು ಎಲ್ಲ ಸಂದರ್ಭಗಳಲ್ಲೂ ನಿಜವಾಗಿರಲು ಸಾಧ್ಯವಿಲ್ಲ. ಕಂದಕದ ಕೆಸರಿನಲ್ಲಿ ಕುಳಿತು ಒಬ್ಬ ತಾಯಿಗೆ ಹಾಗೆ ಬರೆದವನನ್ನು ಸುಳ್ಳುಗಾರನೆನ್ನುವ ಧೈರ್ಯ ನನಗಿಲ್ಲ, ಅದು ದಯೆ. ಆದರೆ ಆ ದಯೆ ಆ ತಾಯಿಗೆ ಸಲ್ಲುವಂಥದ್ದು. ನೂರು ವರ್ಷಗಳ ಬಳಿಕ ಅದನ್ನೇ ಚರಿತ್ರೆಯೆಂದು ನಕಲು ಮಾಡುವವನು ದಯೆ ತೋರುತ್ತಿಲ್ಲ. ಯುದ್ಧದ ಮುಖಕ್ಕೆ ಬಣ್ಣ ಬಳಿಯುತ್ತಿದ್ದಾನೆ. ಆ ಬಣ್ಣವನ್ನು ನಂಬುವವರು ಮುಂದಿನ ಪೀಳಿಗೆಯ ಮಕ್ಕಳು.

ಹಾಗಾದರೆ ಸರಿಯಾದ ಸ್ಮರಣೆಯ ಮಾದರಿ ಎಲ್ಲಿದೆ? ಎರಡನ್ನು ನಿಮ್ಮ ಮುಂದಿಡುತ್ತೇನೆ.

ಒಂದು ಸಾಹಿತ್ಯದ್ದು. ಇದೇ ಮಾಮೆಟ್ಜ್ ಕಾಡಿನಲ್ಲಿ, ಅದೇ ಡಿವಿಜನ್ನಿನ ಇನ್ನೊಂದು ಬೆಟಾಲಿಯನ್ನಿನ ಸಾಮಾನ್ಯ ಸಿಪಾಯಿಯಾಗಿದ್ದ ಡೇವಿಡ್ ಜೋನ್ಸ್ ಕಾಲಿಗೆ ಗಾಯಗೊಂಡು ಬದುಕುಳಿದರು. ಚಿತ್ರಕಾರರೂ ಕವಿಯೂ ಆಗಿದ್ದ ಅವರು 1921ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದರು. ಆ ಕಾಡಿನ ಅನುಭವವನ್ನು ಬರಹವಾಗಿಸಲು ಅವರಿಗೆ ವರ್ಷಗಳೇ ಹಿಡಿದವು. 'ಇನ್ ಪರೆಂಥಿಸಿಸ್' ಎಂಬ ಆ ಕೃತಿ ಪ್ರಕಟವಾದದ್ದು 1937ರಲ್ಲಿ. ಅದರ ಕೊನೆಯ ಭಾಗದಲ್ಲಿ ಕಾಡಿನ ರಾಣಿಯೊಬ್ಬಳು ಮಡಿದವರ ನಡುವೆ ನಡೆದು ಒಬ್ಬೊಬ್ಬರಿಗೂ ಹೂವನ್ನು ಹಂಚುತ್ತಾಳೆ. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲ. ಶತ್ರುಪಕ್ಷದ ಜರ್ಮನನಿಗೂ ಅವಳ ಕೈಯಲ್ಲಿ ಹೂವಿದೆ. ಈ ಕೃತಿಯ ಭಾಷೆ ಕಠಿಣವಾದದ್ದು, ಪ್ರಾಚೀನ ವೇಲ್ಸ್ ಕಾವ್ಯದಿಂದ ಬಲಿಪೂಜೆಯ ವಿಧಿಯವರೆಗೆ ನೂರು ನೆನಪುಗಳು ಅದರಲ್ಲಿ ಹೆಣೆದುಕೊಂಡಿವೆ. ಓದಲು ತಾಳ್ಮೆ ಬೇಕು. ಆದರೆ ಅಲ್ಲಿ ಯಾರನ್ನೂ ಅಚ್ಚಿನಲ್ಲಿ ಎರಕ ಹೊಯ್ದಿಲ್ಲ.

ಎರಡನೆಯ ಮಾದರಿ ಕಲ್ಲಿನದು. 1917ರಲ್ಲಿ ಸ್ಥಾಪಿತವಾದ ಯುದ್ಧ ಸಮಾಧಿಗಳ ಆಯೋಗವು ಅಂದಿನ ಕಾಲಕ್ಕೆ ಸಾಹಸದ್ದೆನಿಸುವ ಒಂದು ನಿರ್ಧಾರ ಕೈಗೊಂಡಿತು. ಜನರಲ್ ಆಗಿರಲಿ, ಸಿಪಾಯಿಯಾಗಿರಲಿ, ಸಿರಿವಂತನಾಗಿರಲಿ, ಬಡವನಾಗಿರಲಿ, ಎಲ್ಲರ ಸಮಾಧಿಗೂ ಒಂದೇ ಅಳತೆಯ ಕಲ್ಲು. ಶವವನ್ನು ಊರಿಗೆ ಒಯ್ಯಲು ಹಣವುಳ್ಳವರಿಗೂ ಅನುಮತಿಯಿಲ್ಲ. ಇದನ್ನು ವಿರೋಧಿಸಿ ಅನೇಕ ಕುಟುಂಬಗಳು ಬೇಡಿಕೊಂಡವು; ಬ್ರಿಟಿಷ್ ಸಂಸತ್ತಿನಲ್ಲಿ 1920ರಲ್ಲಿ ಚರ್ಚೆಯೂ ನಡೆಯಿತು. ಆಯೋಗ ಕದಲಲಿಲ್ಲ. ಕ್ಯಾಪ್ಟನ್ ವಿಲಿಯಮ್ಸ್ ಫ್ರಾನ್ಸಿನ ಕೊರ್ಬಿ ಎಂಬ ಊರಿನ ಸ್ಮಶಾನದಲ್ಲಿ ಅಂಥದೇ ಒಂದು ಕಲ್ಲಿನ ಕೆಳಗೆ ಮಲಗಿದ್ದಾರೆ. ಥಾಮಸ್ ಅವರಿಗೆ ಗುರುತಿಸಬಲ್ಲ ಸಮಾಧಿಯೇ ಇಲ್ಲ. ಅವರ ಹೆಸರು ತಿಯೆಪ್‌ವಾಲ್ ಸ್ಮಾರಕದ ಮೇಲಿದೆ. ಸೋಮ್ ಪ್ರದೇಶದಲ್ಲಿ ಮಡಿದು ದೇಹ ಸಿಗದೆ ಹೋದ 72,000ಕ್ಕೂ ಹೆಚ್ಚು ಮಂದಿಯ ಹೆಸರುಗಳ ನಡುವೆ. 1932ರಲ್ಲಿ ಉದ್ಘಾಟನೆಯಾದ ಆ ಸ್ಮಾರಕವನ್ನು ರೂಪಿಸಿದವರು ಎಡ್ವಿನ್ ಲಟ್ಯೆನ್ಸ್. ನಮ್ಮ ದೆಹಲಿಯ ಇಂಡಿಯಾ ಗೇಟಿನ ಮೇಲೆ ಮಡಿದ ಭಾರತೀಯ ಯೋಧರ ಹೆಸರುಗಳನ್ನು ಕೆತ್ತಿಸಿದ ಶಿಲ್ಪಿಯೂ ಅವರೇ.

ಈ ಆಯೋಗದ ದೊಡ್ಡ ಸ್ಮಶಾನಗಳಲ್ಲಿ ಬಲಿಪೀಠದಂತೆ ಕಾಣುವ ಒಂದು ಕಲ್ಲು ಇರುತ್ತದೆ. ಅದರ ಮೇಲೆ ಕೆತ್ತಿರುವ ಮಾತನ್ನು ಆರಿಸಿಕೊಟ್ಟವರು, 1915ರಲ್ಲಿ ತಮ್ಮ ಒಬ್ಬನೇ ಮಗನನ್ನು ಯುದ್ಧದಲ್ಲಿ ಕಳೆದುಕೊಂಡಿದ್ದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್. ಮಡಿದವರ ಹೆಸರು ಎಂದೆಂದಿಗೂ ಬಾಳುವುದೆಂಬ ಅರ್ಥದ ಆ ಮಾತು ನಮ್ಮ ಬೈಬಲಿನ ಸಿರಾಖನ ಗ್ರಂಥದ 44ನೆಯ ಅಧ್ಯಾಯದ್ದು. ಮನೆಗೆ ಹೋಗಿ ಆ ಅಧ್ಯಾಯವನ್ನು ತೆರೆದು ಓದಿ. ಪ್ರಖ್ಯಾತರ ಸ್ತುತಿಯಿಂದ ಆರಂಭಿಸುವ ಸಿರಾಖನು ಸ್ವಲ್ಪ ಮುಂದೆ ನಿಂತು, ನೆನಪೇ ಉಳಿಯದೆ ಹೋದವರನ್ನೂ ಹೆಸರಿಲ್ಲದೆಯೇ ನೆನೆಯುತ್ತಾನೆ. ಅವರ ನೀತಿಯ ಕಾರ್ಯಗಳೂ ಮರೆತುಹೋಗಿಲ್ಲ ಎನ್ನುತ್ತಾನೆ. ಹೆಸರಿದ್ದವರು, ಹೆಸರಿಲ್ಲದವರು ಒಂದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ಅಂತರದಲ್ಲಿ ಇದ್ದಾರೆ. ಕೊರ್ಬಿಯ ಕಲ್ಲೂ ತಿಯೆಪ್‌ವಾಲಿನ ಗೋಡೆಯೂ ಹಾಗೆಯೇ.

ಹೀಗೆ ಕಲ್ಲು ಕಲಿತ ನ್ಯಾಯವನ್ನು ಕಾಗದವೂ ಕಲಿಯಬೇಕು. ಜಾನಿ ವಿಲಿಯಮ್ಸ್ ಅವರ 17 ಪಂದ್ಯಗಳನ್ನು ಬರೆಯಿರಿ, ಅವರ ಕತ್ತರಿಸಿದ ಕಾಲನ್ನೂ ಬರೆಯಿರಿ. ಡಿಕ್ ಥಾಮಸ್ ಅವರ ನಾಲ್ಕು ಪಂದ್ಯಗಳನ್ನು ಬರೆಯಿರಿ, ಅವರ ಸುತ್ತಲಿನ ಮೌನವನ್ನೂ ಬರೆಯಿರಿ. ಇಬ್ಬರಲ್ಲಿ ಯಾರನ್ನೂ ಸಿಂಹವೆಂದು ಕರೆಯಬೇಕಾಗಿಲ್ಲ. ಒಂದು ಚಳಿಗಾಲದ ಮಧ್ಯಾಹ್ನ ಅವರಿಬ್ಬರೂ ಸೋತ ತಂಡದಲ್ಲಿ ನಿಂತಿದ್ದರೆಂಬ ಒಂದು ನಿಜವೇ ಅವರನ್ನು ನಮ್ಮ ಹತ್ತಿರಕ್ಕೆ ತರುತ್ತದೆ.

ನವೆಂಬರ್ ತಿಂಗಳಲ್ಲಿ ನಾವು ನಮ್ಮ ಹಿರಿಯರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಅವರನ್ನು ಕುರಿತು ನಾವೂ ನಾಲ್ಕು ಮಾತು ಆಡುತ್ತೇವೆ, ಕೆಲವೊಮ್ಮೆ ಬರೆಯುತ್ತೇವೆ. ಪ್ರಿಯ ವಾಚಕರೇ, ಆ ಮಾತುಗಳನ್ನಾಡುವ ಮೊದಲು ಮನೆಯ ಹಿರಿಯಜ್ಜಿಯನ್ನು ಒಂದು ಗಳಿಗೆ ಕೂರಿಸಿಕೊಂಡು ಕೇಳಿ: ಅವರು ಹುಟ್ಟಿದ್ದು ಯಾವ ವರ್ಷ? ಯಾವ ಕೆಲಸ ಮಾಡುತ್ತಿದ್ದರು? ಯಾವುದಕ್ಕೆ ನಗುತ್ತಿದ್ದರು? ಯಾವುದಕ್ಕೆ ಹೆದರುತ್ತಿದ್ದರು? ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಬೆಂಕಿ ಬೀಳುವುದು ಲಂಡನ್ನಿನ ಉಗ್ರಾಣಕ್ಕೆ ಮಾತ್ರವಲ್ಲ.